ಸೊಡರನ ಕಡೆಯವರು

“ಅವನಿಗೆ ನಿನ್ನ ವಂಶದ ಬರಿ ಕೊಡ್ಲಿಕ್ಕೆ ನೀನು ಯಾರು? ಅವ ನನ್ನ ಹುಡುಗ!”

“ನಿಮ್ಮ ಹುಡುಗ ಆದ್ರೆ ಅಪ್ಪ ಇಲ್ಲ ಅಮ್ಮ ಇಲ್ಲ ಅಂತ ಯಾಕೆ ಬರೆದದ್ದು ಮಾಸ್ಟ್ರೇ? ಹದಿನಾರು ವರ್ಷಕ್ಕೆ ಯಾಕೆ ಕೊಂದದ್ದು?”

“ಅದು ಕಥೆ, ಮಾರಾಯ್ತಿ! ಕಥೆ!”

“ಕಥೆ ಅಂತ ನಿಮಗೆ ಗೊತ್ತುಂಟು, ನನಗೂ ಗೊತ್ತುಂಟು. ಆ ಹುಡುಗಿಗೆ ಯಾರು ಹೇಳ್ಬೇಕು?”

“ಯಾವ ಹುಡುಗಿ? ಅವಳು ಸತ್ತು ಹನ್ನೆರಡು ವರ್ಷ ಆಯ್ತು!”

“ಅದನ್ನೇ ನಾನು ಹೇಳುದು.”

ಮಣಿಪಾಲದ ಈ ಮನೆಯಲ್ಲಿ ಬೆಳಗಿನ ಕಾಫಿ ಮುಗಿಯುವ ಮೊದಲೇ ಜಗಳ ಶುರುವಾಗಿದೆ. ಹೊರಗೆ ತುಳುವರ ಆಷಾಢವಾದ ಆಟಿ ತಿಂಗಳ ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ಮೇಜಿನ ಒಂದು ತುದಿಯಲ್ಲಿ ಕಾದಂಬರಿಕಾರ ವಿಷ್ಣುಮೂರ್ತಿ ಕೂತಿದ್ದಾರೆ. ಅವರ ಕೈ ನಡುಗುತ್ತದೆ, ಕಾಫಿ ಅರ್ಧ ಲೋಟದಲ್ಲಿ, ಅರ್ಧ ಮೇಜಿನ ಮೇಲೆ. ಇನ್ನೊಂದು ತುದಿಯಲ್ಲಿರುವವರು ಸುಗಂಧಿ. ಬಾಯಿ ಜಗಳವಾಡುತ್ತಿದ್ದರೂ ಕೈ ತನ್ನ ಕೆಲಸ ಬಿಟ್ಟಿಲ್ಲ. ಚೆಲ್ಲಿದ ಕಾಫಿ ಒರೆಸುತ್ತಾರೆ, ಬಂದ ಕಾಗದಗಳನ್ನು ಬಿಡಿಸಿ ವಿಂಗಡಿಸುತ್ತಾರೆ. ಮಕ್ಕಳದ್ದು ಒಂದು ರಾಶಿ, ದೊಡ್ಡವರದ್ದು ಇನ್ನೊಂದು. ಮೂರನೆಯ ರಾಶಿ ಸೊಡರನ ಹೆಸರಿಗೆ ಬಂದದ್ದು. ಅದನ್ನು ವಿಷ್ಣುಮೂರ್ತಿ ಮುಟ್ಟುವುದಿಲ್ಲ, ತನ್ನ ಕಡೆ ಸರಿಸಲೂ ಬಿಡುವುದಿಲ್ಲ.

‘ಏಳುನೀರ ಪಟ್ಟಣ’ದ ಸರಣಿ ಓದದವರಿಗಾಗಿ ಎರಡು ಮಾತು. ಕಾಪುವಿನ ಕಡಲಿನ ಅಡಿಯಲ್ಲಿ ಏಳು ಪದರ ನೀರು, ಅದರ ಅಡಿಯಲ್ಲಿ ಒಂದು ಪಟ್ಟಣ, ಆ ಪಟ್ಟಣದ ಗೋಪುರದಲ್ಲಿ ದೀಪ ಹಚ್ಚುವ ಒಬ್ಬ ಹುಡುಗ. ಅವನ ಹೆಸರು ಸೊಡರ. ಎಲ್ಲಿಂದ ಬಂದ, ಯಾರ ಮಗ ಎಂದು ಪುಸ್ತಕ ಹೇಳುವುದಿಲ್ಲ. ಮೂರನೆಯ ಭಾಗದ ಕೊನೆಗೆ ಪಟ್ಟಣದ ಬಾಗಿಲು ಕಾಯುತ್ತಾ ಅವನು ಸಾಯುತ್ತಾನೆ. ಐದು ಭಾಗ ಬಂದಿದೆ, ಮಕ್ಕಳು ಕಾದು ಕೂತು ಕೊಳ್ಳುತ್ತಾರೆ, ದೊಡ್ಡವರು ಮಕ್ಕಳಿಗೆಂದು ತಂದು ತಾವೇ ಓದುತ್ತಾರೆ. ವಿಷ್ಣುಮೂರ್ತಿ ಉಡುಪಿಯ ರಸ್ತೆಯಲ್ಲಿ ನಡೆದರೆ ಜನ ಸುತ್ತುಗಟ್ಟುತ್ತಾರೆ. ಸುಗಂಧಿ ಅದೇ ರಸ್ತೆಯಲ್ಲಿ ದಿನಾ ಎರಡು ಸಲ ಬಸ್ಸು ಬದಲಿಸುತ್ತಾರೆ. ಅವರನ್ನು ಯಾರೂ ತಿರುಗಿ ನೋಡುವುದಿಲ್ಲ.

ನೋಡಬೇಕಿತ್ತು. ಏಕೆಂದರೆ ಈ ಲೇಖಕರಿಂದ ಉತ್ತರ ಬಂತೆಂದು ಮಕ್ಕಳು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ, ಫೋನಿನಲ್ಲಿ ಫೋಟೋ ಹಾಕಿ ಊರಿಗೆಲ್ಲ ತೋರಿಸಿದ ಅಷ್ಟೂ ಕಾಗದಗಳು ಸುಗಂಧಿಯ ಕೈಬರಹ. ಕೈಬರಹ ಮಾತ್ರ ಅಲ್ಲ, ಒಳಗಿನ ಮಾತೂ ಅವರದೇ. ಕೆಳಗಿನ ಸಹಿಯೊಂದು ವಿಷ್ಣುಮೂರ್ತಿಯವರದು. ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ, “ಬರೀರಿ. ಇನ್ನು ಮುಚ್ಚಿಡುವಂಥದ್ದು ಎಂತ ಉಂಟು?” ಎನ್ನುತ್ತಾರೆ ಸುಗಂಧಿ.

ಸುಗಂಧಿ ಕಾಪುವಿನವರು. ಕಲಿತದ್ದು ಹತ್ತನೆಯ ತರಗತಿಯವರೆಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವರು ಇದೇ ವಿಷ್ಣುಮೂರ್ತಿ ಮಾಸ್ಟ್ರು. ಪ್ರತಿ ಸೋಮವಾರ ಶಾಲೆಯ ಕರಿಹಲಗೆಯ ಮೇಲೆ ವಾರದ ನುಡಿ ಬರೆಯುವ ಕೆಲಸ ಈ ಹುಡುಗಿಯದು. ಮುಂದೆ ಓದಿಸುವವರು ಯಾರೂ ಇರಲಿಲ್ಲ. ಬೀಡಿ ಕಟ್ಟಿದರು. ಇಬ್ಬರು ಅಕ್ಕಂದಿರ ಮದುವೆ ಆ ಬೀಡಿಯಲ್ಲೇ ಆಯಿತು, ತನ್ನದು ಆಗಲಿಲ್ಲ. ಬೀಡಿ ಕಟ್ಟುತ್ತಲೇ ಸುತ್ತಲಿನ ಮನೆಯ ಹೆಂಗಸರಿಗೆ ಕಾಗದ ಬರೆದುಕೊಟ್ಟರು. ಗಂಡ ದುಬೈಯಲ್ಲಿ, ಮಗ ಮಸ್ಕತ್‌ನಲ್ಲಿ. ಶಿರ್ವದಿಂದಲೂ ಹುಡುಕಿಕೊಂಡು ಬರುತ್ತಿದ್ದರು.

“ಹೆಂಗಸರು ಎದುರು ಕೂತು ಅಳ್ತಿದ್ರು, ಒಂದು ಮಾತು ಹೇಳ್ತಿರ್ಲಿಲ್ಲ,” ಎನ್ನುತ್ತಾರೆ ಸುಗಂಧಿ. “ನಾನೇ ಬರೆದು ಓದಿ ಹೇಳುದು. ‘ಹೌದು ಹೌದು, ಇದೇ ನಾನು ಹೇಳ್ಬೇಕಂತ ಇದ್ದದ್ದು’ ಅಂತಿದ್ರು. ಫೋನು ಬಂತು, ಆ ಕೆಲಸ ಹೋಯ್ತು.”

ಆ ಕೆಲಸ ಹೋದ ಹೊತ್ತಿಗೆ ಮಾಸ್ಟ್ರಿಗೆ ಹೆಸರು ಬಂದಿತ್ತು, ಕೈನಡುಕವೂ ಬಂದಿತ್ತು. ಹಸ್ತಪ್ರತಿಯನ್ನು ಚೆಂದದ ಅಕ್ಷರದಲ್ಲಿ ಬರೆದುಕೊಡಲು ಹಳೆಯ ವಿದ್ಯಾರ್ಥಿನಿಯನ್ನು ಕರೆಸಿಕೊಂಡರು. ಬೆಳಿಗ್ಗೆ ಮೊದಲ ಬಸ್ಸಿಗೆ ಕಾಪು ಬಿಟ್ಟರೆ ಮಧ್ಯಾಹ್ನದ ತನಕ ಹಸ್ತಪ್ರತಿ, ಆಮೇಲೆ ಓದುಗರ ಕಾಗದ. ಶುರುವಿನಲ್ಲಿ ಸುಗಂಧಿ ಓದಿ ಹೇಳುವುದು, ಮಾಸ್ಟ್ರು ಉತ್ತರ ಹೇಳುವುದು, ಸುಗಂಧಿ ಅದನ್ನು ಬರೆಯುವುದು. ಆ ಪದ್ಧತಿ ನಿಂತದ್ದು ಕಾರ್ಕಳದ ಅಕ್ಷಿತಾ ಎಂಬ ಹುಡುಗಿಯ ಕಾಗದದಿಂದ.

ಆಗ ಮೂರನೆಯ ಭಾಗ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಹಿಂದಿನ ದಿನವಷ್ಟೇ ಮಾಸ್ಟ್ರು ಸೊಡರನ ಸಾವನ್ನು ಬರೆದು ಮುಗಿಸಿದ್ದರು. ಸುಗಂಧಿಗೂ ಅದನ್ನು ತೋರಿಸಿರಲಿಲ್ಲ. ಕಾಗದ ಬಿಚ್ಚಿ ಸುಗಂಧಿ ಗಟ್ಟಿಯಾಗಿ ಓದಿದರು. ಅದರಲ್ಲಿ ಹೀಗಿತ್ತು: ‘ಸರ್, ಸೊಡರ ಕೊನೆಯ ಮೆಟ್ಟಿಲಿನಲ್ಲಿ ಕೂತು ಕಾಲು ನೀರಿಗೆ ಇಳಿಬಿಟ್ಟು, ದೀಪವನ್ನು ಮಡಿಲಲ್ಲಿ ಇಟ್ಟುಕೊಂಡೇ ಸಾಯುತ್ತಾನೆ ಅಲ್ವಾ? ಅವನಿಗೆ ನೋವಾಗುತ್ತದಾ?’

ಕಾಲು ನೀರಿಗೆ ಇಳಿಬಿಟ್ಟದ್ದು, ಮಡಿಲಿನ ದೀಪ, ಮೆಟ್ಟಿಲು, ಎಲ್ಲವೂ ಹಿಂದಿನ ದಿನ ಬರೆದ ಹಾಗೆಯೇ. ವಿಷ್ಣುಮೂರ್ತಿ ಎದ್ದು ಕಿಟಕಿ ಹಾಕಿದರು. “ಇನ್ನು ಮುಂದೆ ನನಗೆ ಓದಿ ಹೇಳ್ಬೇಡ ಸುಗಂಧಿ. ನೀನೇ ಬರೆ. ಎಂತ ಬರೆದೆ ಅಂತಲೂ ಹೇಳ್ಬೇಡ. ನಾನು ಸಹಿ ಹಾಕಿಕೊಡ್ತೇನೆ,” ಎಂದರು. ಹೆಸರು ಬೇಕು ಎಂದು ಬರೆಯಲು ಕೂತ ಮನುಷ್ಯ ಓದುಗರಿಗೆ ಹೆದರಿದ್ದು ಅಂದಿನಿಂದ. ಗೇಟಿನ ಹೊರಗೆ ಪುಸ್ತಕ ಹಿಡಿದು ಯಾರಾದರೂ ನಿಂತರೆ ಇವತ್ತಿಗೂ ಅವರು ಹಿಂದಿನ ಕೋಣೆಗೆ ಹೋಗಿ ಕೂರುತ್ತಾರೆ.

ಅಕ್ಷಿತಾಳಿಗೆ ಸುಗಂಧಿ ಉತ್ತರ ಬರೆದರು. ‘ಹೌದು ಮಗಾ, ಹಾಗೆಯೇ. ಆದರೆ ಅವನಿಗೆ ನೋವಾಗಲಿಲ್ಲ. ನೀರು ತಣ್ಣಗಿತ್ತು.’

ಪುಸ್ತಕ ಅಂಗಡಿಗೆ ಬಂದಾಗ ಅದನ್ನು ಓದಲು ಅಕ್ಷಿತಾ ಇರಲಿಲ್ಲ. ಜ್ವರ ಬಂದು ತೀರಿಕೊಂಡಿದ್ದಳು. ಹೈಸ್ಕೂಲು ಮುಗಿದಿರಲಿಲ್ಲ.

ಸೊಡರ ಸತ್ತದ್ದಕ್ಕೆ ನಾಡಿನ ಮಕ್ಕಳೆಲ್ಲ ಅತ್ತರು, ಬೈದರು. ಮಣಿಪಾಲದ ಒಂದು ಹಾಸ್ಟೆಲಿನ ಹುಡುಗರು ಇನ್ನೂ ಮುಂದೆ ಹೋದರು. ಸತ್ತವರಿಗೆ ಮಾಡುವ ಬೊಜ್ಜವನ್ನೇ ಮಾಡಿಬಿಟ್ಟರು. ಪಾಯಸ ಕಾಸಿ, ಬಾಳೆ ಎಲೆ ಹಾಕಿ, ಸೊಡರಾ ಎಂದು ಹೆಸರು ಹಿಡಿದು ಕರೆದು ಬಡಿಸಿದರು. ಫೋಟೋ ಬಂತು. ಮನೆಯಲ್ಲಿ ಎಲ್ಲರೂ ನಕ್ಕರು, ಸುಗಂಧಿ ಒಬ್ಬರು ನಗಲಿಲ್ಲ.

“ಮಕ್ಕಳು ತಮಾಷೆಗೆ ಮಾಡಿದ್ದು, ಹೌದು. ಎಲೆ ಹಾಕಿ ಹೆಸರು ಕರೆದ ಮೇಲೆ ಅದರಲ್ಲಿ ತಮಾಷೆ ಎಲ್ಲಿ ಉಳಿತದೆ? ಕರೆದವರಿಗೆ ತಮಾಷೆ. ಬಂದವನಿಗೆ?”

ಈಗ ಈ ವರ್ಷದ ಕಾಗದ. ಬರೆದವರು ಅಕ್ಷಿತಾಳ ತಂದೆ ಭುಜಂಗ. ಕಾರ್ಕಳದಲ್ಲಿ ಕಲ್ಲಿನ ಕೋರೆಯಿಂದ ಲಾರಿ ಓಡಿಸುವ ದಂಧೆ. ಮಗ ರೋಹಿತ್‌ಗೆ ಮದುವೆ ಗೊತ್ತಾಗುತ್ತದೆ, ಮುರಿಯುತ್ತದೆ. ಹೆಂಡತಿ ವಾರಿಜಾ ಅವರ ಕನಸಿನಲ್ಲಿ ಮಗಳು ಬಂದು ಮೆಟ್ಟಿಲಿನ ಮೇಲೆ ಕೂರುತ್ತಾಳೆ. ಮೊದಲೆಲ್ಲ ಶಾಲೆಯ ಯೂನಿಫಾರ್ಮಿನಲ್ಲಿ ಬರುತ್ತಿದ್ದವಳು ಈಗ ಸೀರೆ ಉಟ್ಟುಕೊಂಡು ಬರುತ್ತಾಳೆ, ಕೂದಲಿನಿಂದ ನೀರು ತೊಟ್ಟಿಕ್ಕುತ್ತದೆ. ಸತ್ತ ಮಕ್ಕಳೂ ಬೆಳೆಯುತ್ತಾರೆ ಎನ್ನುವುದು ತುಳುವರಿಗೆ ಹೊಸತಲ್ಲ. ಬೆಳೆದ ಮೇಲೆ ಅವರಿಗೂ ಮದುವೆ ಆಗಬೇಕು, ಇಲ್ಲದಿದ್ದರೆ ಮನೆಯಲ್ಲಿ ಬದುಕಿದವರ ಮದುವೆಗೆ ತಡೆ ಬರುತ್ತದೆ. ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕಿ ಧಾರೆ ಎರೆಯಬೇಕು. ಭುಜಂಗ ಹುಡುಕಿದರು. ಒಂದಲ್ಲ, ಎರಡು ಸಂಬಂಧ ಬಂತು. ಎರಡು ಸಲವೂ ಮಗಳು ತಾಯಿಯ ಕನಸಿಗೆ ಬಂದು, “ಅಲ್ಲಿಗೆ ನಾನು ಹೋಗುದಿಲ್ಲ,” ಎಂದಳು.

ಹಿಂದಿನ ವರ್ಷ ಆಟಿಯಲ್ಲಿ ಸತ್ತವರಿಗೆ ಎಲೆ ಹಾಕುವ ದಿನ ಒಂದು ತಪ್ಪಾಯಿತು. ಮನೆಯಲ್ಲಿ ತೀರಿಹೋದವರಿಗೆ ತಲೆಗೊಂದರಂತೆ ಎಲೆ ಹಾಕಿ, ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು ಪದ್ಧತಿ. ಬಡಿಸುವ ಗಡಿಬಿಡಿಯಲ್ಲಿ ಭುಜಂಗರ ತಂಗಿ ಅಕ್ಷಿತಾಳ ಎಲೆಯ ಪಕ್ಕದಲ್ಲಿ ಒಂದು ಎಲೆ ಹೆಚ್ಚು ಹಾಕಿದರು. ಯಾರದ್ದೂ ಅಲ್ಲದ ಎಲೆ. ಬಾಗಿಲು ತೆರೆದಾಗ ಆ ಎಲೆಯ ಅನ್ನ ಒಂದು ಬದಿಗೆ ಸರಿದಿತ್ತು. ಅಂಚಿನಲ್ಲಿ ಒದ್ದೆ ಮರಳು.

“ಕಲ್ಲಿನ ಹುಡಿಯಲ್ಲೇ ನಾನು ಬದುಕಿದ್ದು. ನಮ್ಮ ಹುಡಿ ನನಗೆ ಗೊತ್ತಾಗ್ತದೆ,” ಎನ್ನುತ್ತಾರೆ ಭುಜಂಗ. “ಇದು ಕಡಲಿನ ಮರಳು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು. ಕಾರ್ಕಳಕ್ಕೆ ಕಡಲು ಎಲ್ಲಿಂದ ಬಂತು ಹೇಳಿ?”

ಆಗ ವಾರಿಜಾ ಅವರಿಗೆ ಹೊಳೆಯಿತು. ಮಗಳು ಬದುಕಿದ್ದಾಗ ಒಬ್ಬನ ಹೆಸರನ್ನೇ ಜಪಿಸುತ್ತಿದ್ದಳು. ಆ ಹುಡುಗನೂ ಸತ್ತಿದ್ದಾನೆ, ಅವಳು ಹೋದ ವರ್ಷವೇ ಸತ್ತಿದ್ದಾನೆ. ಭುಜಂಗ ಕಾಗದ ಬರೆದರು. ‘ನಿಮ್ಮ ಹುಡುಗ ಸೊಡರನಿಗೆ ನಮ್ಮ ಮಗಳನ್ನು ಕೊಡಬೇಕೆಂದಿದ್ದೇವೆ. ಹುಡುಗನ ಬರಿ ಯಾವುದು ತಿಳಿಸಬೇಕು. ನಮ್ಮದೇ ಬರಿಯಾದರೆ ಆಗುವುದಿಲ್ಲ.’

ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ವಂಶದ ಹೆಸರು. ಒಂದೇ ಬರಿಯ ಹೆಣ್ಣು ಗಂಡು ಒಡಹುಟ್ಟಿದವರಿದ್ದ ಹಾಗೆ, ಅವರಿಗೆ ಮದುವೆ ಇಲ್ಲ.

ಸುಗಂಧಿ ಆ ಕಾಗದವನ್ನು ರಾಶಿಯ ಅಡಿಗೆ ಹಾಕಿದರು. ಮಾರನೆಯ ದಿನ ನೋಡಿದರೆ ಅದು ಮೇಲೆ ಇತ್ತು. ಕೆಲಸದವಳು ಗುಡಿಸುವಾಗ ತೆಗೆದಿಟ್ಟಿರಬೇಕು ಎಂದುಕೊಂಡು ಮತ್ತೆ ಅಡಿಗೆ ಹಾಕಿದರು. ಮತ್ತೆ ಮೇಲೆ ಬಂತು. ಕೊನೆಗೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ಡ್ರಾಯರಿನೊಳಗೇ ಇತ್ತು. ಆದರೆ ಮುಟ್ಟಿದರೆ ಒದ್ದೆ.

“ಬರಿ ಇಲ್ಲ ಅಂತ ಹೇಗೆ ಬರೆಯುದು?” ಎಂದು ಕೇಳುತ್ತಾರೆ ಅವರು. “ಬರಿ ಇಲ್ಲ ಅಂದ್ರೆ ತಾಯಿ ಇಲ್ಲ ಅಂತ ಅರ್ಥ. ಬೇರೆಯವರ ಬರಿ ಹಾಕಿದ್ರೆ ಅದು ಕಳ್ಳತನ. ನನ್ನ ಹತ್ರ ಕೊಡ್ಲಿಕ್ಕೆ ಇದ್ದದ್ದು ಒಂದೇ, ನನ್ನದು. ಅದನ್ನೇ ಕೊಟ್ಟೆ. ‘ನಮ್ಮ ಕಡೆಯಿಂದ ಒಪ್ಪಿಗೆ ಉಂಟು, ಆಟಿಯಲ್ಲಿ ದಿನ ನೋಡಿ’ ಅಂತ ಬರೆದೆ. ಮಾಸ್ಟ್ರು ಓದದೆ ಸಹಿ ಹಾಕಿದ್ರು.”

ಮಾಸ್ಟ್ರಿಗೆ ವಿಷಯ ತಿಳಿದದ್ದು ಇವತ್ತಿನ ಜಗಳದ ಹಿಂದಿನ ಸಂಜೆ, ಭುಜಂಗರ ಫೋನಿನಿಂದ. “ಗಂಡಿನ ಕಡೆಯಿಂದ ಎಷ್ಟು ಜನ ಬರ್ತೀರಿ ಸರ್? ನೀವು ಮೀನು ತಿನ್ನುದಿಲ್ಲ ಅಲ್ವಾ, ನಿಮಗೆ ಬೇರೆ ಅಡುಗೆ ಮಾಡಿಸ್ತೇವೆ. ಬೇಸರ ಮಾಡ್ಬೇಡಿ.”

ಜಗಳ ಇನ್ನೂ ಮುಗಿದಿಲ್ಲ. ವಿಷ್ಣುಮೂರ್ತಿಯವರ ಕಷ್ಟ ಸುಳ್ಳಲ್ಲ. ಆರನೆಯ ಭಾಗದಲ್ಲಿ ಅವರು ಸೊಡರನನ್ನು ಎಬ್ಬಿಸುತ್ತಿದ್ದಾರೆ. ಓದುಗರು ಹನ್ನೆರಡು ವರ್ಷದಿಂದ ಕೇಳುತ್ತಿರುವುದು ಅದನ್ನೇ. ಪುಸ್ತಕವನ್ನು ಧಾರಾವಾಹಿ ಮಾಡುವವರೂ ಅದೇ ಮಾತಿನ ಮೇಲೆ ಸಹಿ ಹಾಕಿದ್ದಾರೆ. ಎದ್ದು ಬಂದ ಸೊಡರ ಕೊನೆಯ ಅಧ್ಯಾಯದಲ್ಲಿ ಪಟ್ಟಣದ ರಾಣಿಯ ಮಗಳನ್ನು ಮದುವೆಯಾಗಬೇಕು.

“ಬೊಜ್ಜ ಆದವನನ್ನು ಹೇಗೆ ಎಬ್ಬಿಸ್ತೀರಿ?” ಎನ್ನುತ್ತಾರೆ ಸುಗಂಧಿ. “ಮಾತು ಕೊಟ್ಟಾಗಿದೆ. ಒಬ್ಬಳಿಗೆ ಮಾತು ಕೊಟ್ಟು ಇನ್ನೊಬ್ಬಳ ಕೈ ಹಿಡಿಸ್ತೀರಾ?”

“ಇಬ್ಬರೂ ಇಲ್ಲದವರು! ಒಬ್ಬಳು ಸತ್ತವಳು, ಒಬ್ಬಳು ನಾನು ಬರೆದವಳು! ಕೂತುಕೋ. ಕಾಗದ ತೆಗೆ. ಬರೆ. ‘ಹಿಂದಿನ ಕಾಗದದಲ್ಲಿ ತಪ್ಪಾಗಿದೆ, ಈ ಸಂಬಂಧ ಸಾಧ್ಯವಿಲ್ಲ.’ ನಿನ್ನ ಕೈಯಲ್ಲೇ ಬರೆ. ಬೇರೆ ಯಾರು ಬರೆದರೂ ಅದು ನನ್ನದು ಅಂತ ಅವರು ನಂಬುದಿಲ್ಲ.”

ತನ್ನದೇ ಹೆಸರಿನ ಕಾಗದ ತನ್ನದೆಂದು ನಂಬಿಸಲು ಇನ್ನೊಬ್ಬರ ಕೈ ಬೇಕು. ಹೆಸರು ಗಳಿಸಿದವರ ಗತಿ ಇದು. ಸುಗಂಧಿ ಪೆನ್ನಿಗೆ ಮುಚ್ಚಳ ಹಾಕುತ್ತಾರೆ.

“ಬರೆಯುದಿಲ್ಲ.”

“ಹಾಗಾದ್ರೆ ನಾಳೆಯಿಂದ ಬರ್ಬೇಡ.”

“ಆಯ್ತು. ಮಧ್ಯಾಹ್ನದ ಮಾತ್ರೆ ಫ್ರಿಜ್ಜಿನ ಮೇಲೆ ಉಂಟು. ಊಟ ಆದ ಮೇಲೆ, ಮೊದಲು ಅಲ್ಲ.”

ಕೊಡೆ ಬಿಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಕೆಲಸ ಹೋದದ್ದಕ್ಕಲ್ಲ. ಹುಡುಗಿಯ ಮನೆಯವರು ಲೇಖಕರ ಸಂಬಂಧವೆಂದು ನಂಬಿ ಕೂತಿದ್ದಾರೆ, ಹುಡುಗನ ಹಿಂದೆ ಇರುವುದು ಕಾಪುವಿನ ಒಂದು ಹಂಚಿನ ಮನೆ. ಅದನ್ನು ಹೇಳಿದರೆ ಮದುವೆ ನಿಲ್ಲಬಹುದು. ನಿಂತರೆ ಆ ಹುಡುಗಿ ಇನ್ನೆಷ್ಟು ವರ್ಷ ಮೆಟ್ಟಿಲಿನ ಮೇಲೆ ಕೂರಬೇಕು? ಹೇಳದೆ ಧಾರೆ ಎರೆಸಿದರೆ ಅದು ಮೋಸದ ಮದುವೆ. ಸತ್ತವರಿಗೆ ಮೋಸ ಮಾಡಿ ಎಲ್ಲಿ ಹೋಗಿ ಬದುಕುವುದು?

ಮನೆಗೆ ಬಂದು ತಮ್ಮನಿಗೆ ಎಲ್ಲವನ್ನೂ ಹೇಳುತ್ತಾರೆ. ಕರುಣಾಕರ ಕಾಪು ಪೇಟೆಯಲ್ಲಿ ರಿಕ್ಷಾ ಓಡಿಸುತ್ತಾರೆ. ಅಕ್ಕನ ಮಗನೆಂದ ಮೇಲೆ ಅವರು ಸೋದರಮಾವ, ತುಳುವರ ಮದುವೆಯಲ್ಲಿ ಮಾವನಿಲ್ಲದೆ ಏನೂ ನಡೆಯುವುದಿಲ್ಲ.

“ನಿನಗೆ ಮರುಳಾ ಅಕ್ಕ? ಹುಟ್ಟದ ಅಳಿಯನಿಗೆ ನಾನು ಮಾವನಾ?”

“ಹುಟ್ಟದಿದ್ರೆ ಎಂತಾಯ್ತು, ಸತ್ತದ್ದು ಸತ್ತಿದ್ದಾನಲ್ಲ.”

“ಯಾರಾದ್ರೂ ಕೇಳಿದ್ರೆ ಸ್ಟ್ಯಾಂಡಿನಲ್ಲಿ ನನ್ನ ಮಾನ ಹೋಗ್ತದೆ, ಮಾರಾಯ್ತಿ.”

“ಸ್ಟ್ಯಾಂಡಿನಲ್ಲಿ ಹೇಳ್ಲಿಕ್ಕೆ ಹೋಗ್ಬೇಡ. ಅಂಗಿ ಬದಲಿಸು, ಕಾರ್ಕಳದ ಬಸ್ಸಿಗೆ ಹೊತ್ತಾಯ್ತು.”

ಕಾರ್ಕಳದ ಮನೆಯ ಚಾವಡಿಯಲ್ಲಿ ಅಕ್ಕ ತಮ್ಮ ಇಬ್ಬರೂ ಮನೆಯವರು ಕೊಟ್ಟ ನೀರು ಬೆಲ್ಲ ಮುಟ್ಟದೆ ಕೂರುತ್ತಾರೆ. ಸುಗಂಧಿ ಸುತ್ತಿ ಬಳಸದೆ ಹೇಳುತ್ತಾರೆ. ಒಪ್ಪಿಗೆಯ ಕಾಗದ ಬರೆದದ್ದು ಮಾಸ್ಟ್ರಲ್ಲ, ನಾನು. ಬರಿ ನನ್ನದು. ಮಾಸ್ಟ್ರು ಬರುವುದಿಲ್ಲ. ಹುಡುಗನ ಕಡೆಯವರೆಂದರೆ ನಾವಿಬ್ಬರೇ.

ಭುಜಂಗ ಎದ್ದು ನಿಲ್ಲುತ್ತಾರೆ. “ನಾವು ಹೆಣ್ಣು ಕೊಡ್ಲಿಕ್ಕೆ ಹೊರಟದ್ದು ಪುಸ್ತಕ ಬರೆದವರ ಮನೆಗೆ. ಅವರಲ್ಲಿ ಸಂಬಳಕ್ಕೆ ಕೂತವರ ಮನೆಗೆ ಅಲ್ಲ. ನಿಮಗೆ ನಾಚಿಕೆ ಆಗುದಿಲ್ವಾ? ಸತ್ತ ಮಗುವಿನ ವಿಷಯದಲ್ಲಿ ಆಟ ಆಡ್ಲಿಕ್ಕೆ?”

“ಆಟ ಆಡುವವಳಾದ್ರೆ ಬಸ್ಸು ಹತ್ತಿ ಬಂದು ಹೇಳ್ತಿರ್ಲಿಲ್ಲ,” ಎನ್ನುತ್ತಾರೆ ಸುಗಂಧಿ. “ನಿಮ್ಮ ಮಗಳು, ನಿಮ್ಮ ಇಷ್ಟ. ಬೇಡ ಅಂದ್ರೆ ಈಗಲೇ ಏಳ್ತೇವೆ.”

ಕರುಣಾಕರ ಆಗಲೇ ಅರ್ಧ ಎದ್ದಾಗಿದೆ. ಅಷ್ಟರಲ್ಲಿ ಇಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ವಾರಿಜಾ ಬಾಯಿ ತೆರೆಯುತ್ತಾರೆ.

“ಅವನಿಗೆ ನೋವಾಗಲಿಲ್ಲ, ನೀರು ತಣ್ಣಗಿತ್ತು ಅಂತ ಬರೆದದ್ದು ಯಾರು?”

“ನಾನೇ.”

“ಮಾಸ್ಟ್ರು ಹೇಳಿ ಬರೆಸಿದ್ದಲ್ವಾ?”

“ಮಾಸ್ಟ್ರು ಆ ಕಾಗದವನ್ನು ಮತ್ತೆ ಕಣ್ಣೆತ್ತಿ ನೋಡ್ಲಿಲ್ಲ. ಮಗು ಕೇಳಿದೆ, ಎಂತಾದ್ರೂ ಹೇಳ್ಬೇಕಲ್ಲ ಅಂತ ನಾನೇ ಬರೆದದ್ದು.”

“ಜ್ವರ ಏರಿದಾಗ ಅದನ್ನೇ ಹೇಳ್ತಿದ್ದಳು,” ಎನ್ನುತ್ತಾರೆ ವಾರಿಜಾ. “‘ಹೆದರ್ಬೇಡ ಅಮ್ಮಾ, ನೋವಾಗುದಿಲ್ಲಂತೆ, ನೀರು ತಣ್ಣಗುಂಟಂತೆ’ ಅಂತ. ನನಗೇ ಧೈರ್ಯ ಹೇಳಿ ಹೋದದ್ದು ಅವಳು.” ಗಂಡನ ಕಡೆ ತಿರುಗುತ್ತಾರೆ. “ಅವಳು ನಂಬಿದ್ದು ಇವರ ಮಾತನ್ನು. ಪುಸ್ತಕ ಬರೆದವರ ಮನೆಯಲ್ಲಿ ಅವಳ ಗುರ್ತ ಯಾರಿಗುಂಟು?”

ಆಗ ಒಳಗಿನ ಕೋಣೆಯಿಂದ ಒಂದು ಸದ್ದು ಬರುತ್ತದೆ. ತುಂಬಿದ ನೀರಿನಲ್ಲಿ ಯಾರೋ ಕಾಲು ಆಡಿಸಿದ ಹಾಗೆ, ಮೆಲ್ಲಗೆ. ಆ ಕೋಣೆಯಲ್ಲಿ ನೀರಿಲ್ಲ, ಇರುವುದು ಹುಲ್ಲು ಸುತ್ತಿ ಕಟ್ಟಿದ ಅಕ್ಕಿಯ ಮುಡಿ ಮತ್ತು ಹಳೆಯ ಮಂಚ. ಕರುಣಾಕರ ಮತ್ತೆ ಕೂತುಬಿಡುತ್ತಾರೆ. ವಾರಿಜಾ ಅತ್ತ ತಿರುಗಿಯೂ ನೋಡುವುದಿಲ್ಲ.

“ಅವಳೇ. ಕೇಳಿಸಿಕೊಂಡಿದ್ದಾಳೆ,” ಎನ್ನುತ್ತಾರೆ.

ಭುಜಂಗ ಕುರ್ಚಿಗೆ ಕೂತು ಮುಖ ಒರೆಸಿಕೊಂಡು ಕೇಳುತ್ತಾರೆ. “ನೀವು ಮೀನು ತಿನ್ನುವ ಜನವಾ?”

“ಕಾಪುವಿನವರು,” ಎನ್ನುತ್ತಾರೆ ಕರುಣಾಕರ. ಅಲ್ಲಿಂದ ಮುಂದೆ ಅದು ಎಲ್ಲ ಮದುವೆಯ ಮಾತುಕತೆಯ ಹಾಗೆಯೇ ನಡೆಯುತ್ತದೆ. ಸೀರೆ ಯಾವ ಬಣ್ಣ, ಹೂವು ಯಾರು ತರುವುದು.

ಮದುವೆಯ ದಿನ ಬೆಳಿಗ್ಗೆ ಸುಗಂಧಿ ಸೀರೆ, ಬಳೆ, ಶಂಕರಪುರದ ಮಲ್ಲಿಗೆಯನ್ನು ಬುಟ್ಟಿಗೆ ತುಂಬುತ್ತಿರುವಾಗ ಫೋನು ಬರುತ್ತದೆ. ಮಣಿಪಾಲದಿಂದ.

“ಅವ ಮಾತಾಡ್ತಾ ಇಲ್ಲ ಸುಗಂಧಿ,” ಎನ್ನುತ್ತಾರೆ ವಿಷ್ಣುಮೂರ್ತಿ. ಸ್ವರದಲ್ಲಿ ಸಿಟ್ಟಿನ ಸುಳಿವಿಲ್ಲ. “ನೀನು ಹೋದ ದಿನದಿಂದ. ಎಲ್ಲರೂ ಮಾತಾಡ್ತಾರೆ, ರಾಣಿ, ರಾಣಿಯ ಮಗಳು. ಅವನನ್ನು ಕರೆದ್ರೆ ಗೋಪುರ ಖಾಲಿ. ದೀಪ ಉಂಟು, ಅವ ಇಲ್ಲ.”

“ಇಲ್ಲಿ ಬಂದಿದ್ದಾನೆ ಮಾಸ್ಟ್ರೇ.”

ಆ ಕಡೆ ಪೆನ್ನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸುತ್ತದೆ.

“ನಾನೂ ಬರ್ಬೇಕಾ?”

“ಬಂದು ಯಾವ ಸಂಬಂಧದಲ್ಲಿ ಕೂರ್ತೀರಿ?” ಇದು ಕುಹಕವಲ್ಲ. ಮದುವೆಮನೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಜಾಗ ಇರುತ್ತದೆ, ಇವರಿಗೆ ಯಾವುದು ಎಂದು ಸುಗಂಧಿಗೆ ನಿಜವಾಗಿಯೂ ತಿಳಿಯುವುದಿಲ್ಲ. ಅವರಿಗೂ ತಿಳಿಯುವುದಿಲ್ಲ. ಕಾಗದ ರಾಶಿ ಬಿದ್ದಿದೆ, ಸೋಮವಾರದಿಂದ ಬಾ ಎಂದಷ್ಟೇ ಹೇಳಿ ಫೋನು ಇಡುತ್ತಾರೆ.

ಭುಜಂಗರ ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಹಸಿರು ಸೀರೆ, ಬಳೆ, ಹೂವು. ಇನ್ನೊಂದರ ಮೇಲೆ ಪಂಚೆ, ಶಾಲು, ಪೇಟ. ಹೊರಗೆ ಹಗಲಿದ್ದರೂ ಮೋಡ ಕವಿದು ಒಳಗೆಲ್ಲ ಮಬ್ಬು. ಹುಡುಗನ ಮಣೆಯ ಮೇಲೆ ಪುಸ್ತಕವನ್ನೂ ಇಡಬೇಕೇ ಎಂದು ಯಾರೋ ಕೇಳುತ್ತಾರೆ.

“ಬೇಡ,” ಎನ್ನುತ್ತಾರೆ ಸುಗಂಧಿ. “ಪುಸ್ತಕ ಮಾಸ್ಟ್ರದ್ದು. ಹುಡುಗ ನಮ್ಮವ.”

ವಾಲಗವಿಲ್ಲ, ಗಟ್ಟಿಯಾದ ಮಾತೂ ಇಲ್ಲ. ಬದುಕಿದವರ ಮದುವೆಯಲ್ಲಿ ನಡೆಯುವುದೆಲ್ಲ ಇಲ್ಲಿಯೂ ನಡೆಯುತ್ತದೆ, ನಗುವೊಂದನ್ನು ಬಿಟ್ಟು. ಧಾರೆಯ ಹೊತ್ತಿಗೆ ಹುಡುಗನ ಪರವಾಗಿ ಮಾವ ಕೈ ಒಡ್ಡಬೇಕು. ಕರುಣಾಕರ ಒಡ್ಡುತ್ತಾರೆ. ಭುಜಂಗ ತಂಬಿಗೆಯಿಂದ ನೀರು ಎರೆಯುತ್ತಾರೆ. ಕರುಣಾಕರರ ಮುಖದ ಬಣ್ಣ ಇಳಿಯುವುದು ಎಲ್ಲರಿಗೂ ಕಾಣುತ್ತದೆ, ಆದರೆ ಅವರು ಕೈ ಹಿಂದೆ ಎಳೆದುಕೊಳ್ಳುವುದಿಲ್ಲ.

“ನೀರಿಗಿಂತ ಮೊದಲೇ ತಣ್ಣಗಾಯ್ತು,” ಎಂದು ಆಮೇಲೆ ಹೇಳುತ್ತಾರೆ ಅವರು. “ನನ್ನ ಕೈಯ ಮೇಲೆ ಒಂದು ಕೈ. ಸಣ್ಣದು. ಅದರ ಮೇಲೆ ಇನ್ನೊಂದು. ಮತ್ತೆ ನಾನು ಎಂತದ್ದೂ ಕೇಳ್ಲಿಕ್ಕೆ ಹೋಗ್ಲಿಲ್ಲ. ಅಳಿಯ ಅಂದ್ರೆ ಅಳಿಯ.”

ಇಂಥ ಕೆಲಸಕ್ಕೆ ಯಾವ ಇಲಾಖೆಯೂ ಪ್ರಶಸ್ತಿ ಕೊಡುವುದಿಲ್ಲ. ಅರ್ಜಿ ಹಾಕಬೇಕೆಂದರೂ ಯಾವ ವಿಭಾಗವೆಂದು ಬರೆಯುವುದು? ಸಾವಿರಾರು ಮಕ್ಕಳಿಗೆ ಇನ್ನೊಬ್ಬರ ಹೆಸರಿನಲ್ಲಿ ಧೈರ್ಯ ಹೇಳಿದ ಹೆಂಗಸು ತನ್ನ ಹೆಸರಿನಲ್ಲಿ ಕೇಳುವುದು ಒಂದೇ ಒಂದು. ಊಟದ ಎಲೆ ಎತ್ತಿದ ಮೇಲೆ, ಹೊರಡುವ ಮೊದಲು ಅದನ್ನು ಹೇಳುತ್ತಾರೆ.

“ಸೋಮವಾರದಿಂದ ಹೋಗ್ತೇನೆ, ಮಕ್ಕಳ ಕಾಗದ ಕಾಯ್ತಾ ಉಂಟಲ್ಲ. ಆದರೆ ಸೊಡರನ ಹೆಸರಿಗೆ ಬಂದದ್ದನ್ನು ಮಾತ್ರ ಕಾಪುವಿಗೆ ಕಳಿಸ್ಲಿ. ಈಗ ಅವನಿಗೊಂದು ಮನೆ ಉಂಟು, ಮನೆಯಲ್ಲಿ ಹೆಂಡತಿ ಇದ್ದಾಳೆ. ಕಂಡವರ ಮೇಜಿನ ಮೇಲೆ ಅವನ ಕಾಗದ ಬಿದ್ದಿರ್ಬಾರ್ದು.”

ಇನ್ನು ಹೆಣ್ಣನ್ನು ಕಳಿಸಿಕೊಡುವುದು ಬಾಕಿ. ಸುಗಂಧಿ ಮಣೆಯ ಮೇಲಿನ ಸೀರೆಯನ್ನು ಮಡಿಲಿಗೆ ತೆಗೆದುಕೊಳ್ಳುತ್ತಾರೆ. “ಬಾ ಮಗಾ, ಹೋಗುವ,” ಎಂದು ಹಿಂದೆ ತಿರುಗದೆ ಹೊಸಿಲು ದಾಟುತ್ತಾರೆ. ಕರುಣಾಕರ ಹಿಂದಿನಿಂದ ಬುಟ್ಟಿ ಹಿಡಿದು ಬರುತ್ತಾರೆ.

ಯಾರು ಹೊರಟರೂ ‘ಹೋಗಿ ಬಾ’ ಎನ್ನುವುದು ನಮ್ಮ ಬಾಯಿಗೆ ಅಭ್ಯಾಸ. ಅಂಗಡಿಗೆ ಹೋಗುವವನಿಗೂ, ಅಮೆರಿಕಕ್ಕೆ ಹೋಗುವವನಿಗೂ ಅದೇ ಮಾತು. ಈ ಮದುವೆಯ ಹೆಣ್ಣಿಗೆ ಮಾತ್ರ ಹಾಗೆ ಹೇಳಬಾರದು. ಹೇಳಿದರೆ ಬಂದುಬಿಡುತ್ತಾಳೆ. ವಾರಿಜಾ ಹೊಸಿಲಿನ ಮೇಲೆ ನಿಂತಿದ್ದಾರೆ. “ಹೋಗಿ” ಎನ್ನುವವರೆಗೆ ಬಂದ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಭುಜಂಗ ಗೋಡೆಯ ಕಡೆ ಮುಖ ಮಾಡಿದ್ದಾರೆ. ಮಳೆ ಸುರಿಯುತ್ತಲೇ ಇದೆ.

“ಹೋಗು,” ಎನ್ನುತ್ತಾರೆ ವಾರಿಜಾ. “ಹೋಗು ಮಗಾ.”

ಅಂಗಳದ ಮೆಟ್ಟಿಲಿಗೆ ಅಡ್ಡ ಮಲಗಿದ್ದ ಮುದಿ ನಾಯಿ ಸುಗಂಧಿ ದಾಟಿದಾಗ ಏಳುವುದಿಲ್ಲ, ಕರುಣಾಕರ ದಾಟಿದಾಗಲೂ ಇಲ್ಲ. ಇಬ್ಬರೂ ಗೇಟಿನ ಹತ್ತಿರ ಹೋದ ಮೇಲೆ ಎದ್ದು ನಿಲ್ಲುತ್ತದೆ. ಬಾಲ ಅಲ್ಲಾಡಿಸುತ್ತದೆ. ಬದಿಗೆ ಸರಿದು ಯಾರಿಗೋ ದಾರಿ ಬಿಡುತ್ತದೆ.

ಅಕ್ಷಿತಾ ಆ ಮನೆಗೆ ಮತ್ತೆ ಬಂದಿಲ್ಲ. ತಾಯಿಯ ಕನಸಿಗೂ ಬಂದಿಲ್ಲ.